ಗೌರವ ಮ್ಯಾಜಿಸ್ಟ್ರೇಟರ ನೇಮಕದಲ್ಲಿ ಸಾಮಾಜಿಕ ಪ್ರಾತಿನಿಧ್ಯ: ಬಳ್ಳಾರಿ, ಸಿರುಗುಪ್ಪ, ಕುರುಗೋಡು

ನ್ಯಾಯಾಂಗ ಸೇವೆಗೆ ಸೇರದೆ, ತಿಂಗಳ ಸಂಬಳವಿಲ್ಲದೆ, ಊರಿನ ನಾಗರಿಕರಾಗಿಯೇ ಪೀಠದಲ್ಲಿ ಕೂತು ಮೊಕದ್ದಮೆ ತೀರ್ಮಾನಿಸುವವರನ್ನು ಗೌರವ ಮ್ಯಾಜಿಸ್ಟ್ರೇಟರು ಎನ್ನುತ್ತಾರೆ. ನ್ಯಾಯ ಹೇಳುವ ಕೆಲಸದಲ್ಲಿ ಕಾನೂನು ಪಂಡಿತರ ಜೊತೆಗೆ ಜನಜೀವನ ಬಲ್ಲವರೂ ಇರಬೇಕು ಎಂಬುದು ಈ ವ್ಯವಸ್ಥೆಯ ತಿರುಳು. ಆ ಮಾತು ನಿಜವಾಗಬೇಕಾದರೆ ಪೀಠದಲ್ಲಿ ಕೂತವರು ಸಮಾಜದ ಎಲ್ಲ ವರ್ಗಗಳಿಂದ ಬಂದಿರಬೇಕು. ಹೆಚ್ಚಿನ ಕಾಲದಲ್ಲಿ ಹಾಗಾಗಲಿಲ್ಲ. ಆಸ್ತಿ, ವಂಶ, ಸರ್ಕಾರಿ ಹುದ್ದೆ, ಪದವಿ ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಷರತ್ತು ಬಾಗಿಲಲ್ಲಿ ನಿಂತು ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ನಿರ್ಧರಿಸಿತು. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಸೀಮೆಯ ಎರಡು ಶತಮಾನಗಳ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ಪ್ರದೇಶ ಮತ್ತು ಜನ

1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿ ಸೇರಿತ್ತು. ಥಾಮಸ್ ಮನ್ರೋ ಅದರ ಮೊದಲ ಪ್ರಧಾನ ಕಲೆಕ್ಟರ್. 1808ರಲ್ಲಿ ಈ ಸೀಮೆ ಬಳ್ಳಾರಿ ಮತ್ತು ಕಡಪ ಜಿಲ್ಲೆಗಳಾಗಿ ಒಡೆಯಿತು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಸಿರುಗುಪ್ಪ ಅವುಗಳಲ್ಲೊಂದು. ಕುರುಗೋಡು ಬಹುಕಾಲ ಬಳ್ಳಾರಿ ತಾಲ್ಲೂಕಿನಲ್ಲೇ ಇದ್ದು, ಈಚಿನ ದಶಕದಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ತಾಲ್ಲೂಕುಗಳು ಉಳಿದಿವೆ.

ಮದ್ರಾಸಿನ ಕಾನೂನಿನಲ್ಲಿ ಒಂದೂವರೆ ಶತಮಾನ ಕಳೆದದ್ದರಿಂದ ಇಲ್ಲಿನ ಕಥೆ ಹಳೆಯ ಮೈಸೂರಿನದಕ್ಕಿಂತ ಬೇರೆ. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆ ಎತ್ತಿತು. ಬಳ್ಳಾರಿಯವರಿಗೆ ಅದೇ ಪ್ರಶ್ನೆ ಮದ್ರಾಸಿನ ಬ್ರಾಹ್ಮಣೇತರ ಚಳವಳಿಯ ಮೂಲಕ ಬಂತು.

ಲಿಂಗಾಯತರು, ವಾಲ್ಮೀಕಿ ನಾಯಕರು, ಮಾದಿಗರು, ಹೊಲೆಯರು, ಕುರುಬರು, ಮುಸ್ಲಿಮರು, ರೆಡ್ಡಿಗಳು, ಉಪ್ಪಾರರು, ವೈಶ್ಯರು, ಬ್ರಾಹ್ಮಣರು ಈ ಸೀಮೆಯಲ್ಲಿ ನೆಲೆಸಿದ್ದಾರೆ. 2011ರ ಜನಗಣತಿಯ ಪ್ರಕಾರ ಆಗಿನ ಅವಿಭಜಿತ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 21, ಪರಿಶಿಷ್ಟ ಪಂಗಡದವರು ಸುಮಾರು ಶೇ 18 ಇದ್ದರು. ಅಂದರೆ ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ವರು ಈ ಎರಡು ಪಟ್ಟಿಗಳಿಗೆ ಸೇರಿದವರು. ಪೀಠದಲ್ಲಿ ಇವರ ಪಾಲೆಷ್ಟು ಎಂಬುದೇ ಈ ಲೇಖನದ ಪ್ರಶ್ನೆ.

ಪೂರ್ವೇತಿಹಾಸ

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಮೌರ್ಯ ಅಶೋಕನ ಕಿರು ಬಂಡೆಶಾಸನಗಳು ಸಿಕ್ಕಿವೆ. ಅಶೋಕನ ಆಡಳಿತದಲ್ಲಿ ಜನಪದದ ನ್ಯಾಯ ನೋಡುತ್ತಿದ್ದವರು ರಜ್ಜುಕರೆಂಬ ಅಧಿಕಾರಿಗಳು. ವಿಚಾರಣೆಯಲ್ಲೂ ಶಿಕ್ಷೆಯಲ್ಲೂ ಸಮತೆ ಇರಬೇಕೆಂದು ಅವನು ಉತ್ತರ ಭಾರತದ ಸ್ತಂಭಶಾಸನವೊಂದರಲ್ಲಿ ಅವರಿಗೆ ಅಪ್ಪಣೆ ಮಾಡಿದ್ದಾನೆ. ರಜ್ಜುಕರು ಅರಸನ ನೌಕರರೇ ಹೊರತು ಊರಿನ ಪ್ರತಿನಿಧಿಗಳಲ್ಲ. ಆದರೂ ಒಂದೇ ತಪ್ಪಿಗೆ ಒಂದೇ ಶಿಕ್ಷೆ ಎಂಬ ತತ್ತ್ವ ಈ ನೆಲದ ಅರಸೊತ್ತಿಗೆಗೆ ಅಷ್ಟು ಹಿಂದೆಯೇ ಗೊತ್ತಿತ್ತು.

ಆಮೇಲಿನ ಶತಮಾನಗಳಲ್ಲಿ ಹಳ್ಳಿಯ ವ್ಯಾಜ್ಯಗಳು ಊರ ಕಟ್ಟೆಯ ಮೇಲೆ, ಚಾವಡಿಯಲ್ಲಿ ತೀರುತ್ತಿದ್ದವು. ಗೌಡ ಅಥವಾ ರೆಡ್ಡಿ, ಲೆಕ್ಕ ಬರೆಯುವ ಕರಣಂ, ಕುಲದ ಹಿರಿಯರು ಸೇರಿ ಮಾತಾಡುತ್ತಿದ್ದರು. ಆಯಾ ಜಾತಿಯ ಒಳಜಗಳವನ್ನು ಆಯಾ ದೈವದವರು ಬಗೆಹರಿಸುತ್ತಿದ್ದರು. ಕೇರಿಯವರಿಗೆ ತಮ್ಮ ಕುಲದ ಕಟ್ಟೆಯಲ್ಲಿ ಮಾತಿತ್ತು. ಊರಿನ ಕಟ್ಟೆಯಲ್ಲಿ ಅವರು ದೂರ ನಿಂತು ಕೇಳಬೇಕಿತ್ತು.

1816ರ ಕಾನೂನುಗಳು

ಇಂಗ್ಲೆಂಡಿಗೆ ಹೋಗಿದ್ದ ಮನ್ರೋ 1814ರಲ್ಲಿ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದ್ರಾಸಿಗೆ ಮರಳಿದ. ದೂರದ ಜಿಲ್ಲಾ ಕೋರ್ಟಿನ ಯುರೋಪಿಯನ್ ಜಡ್ಜನ ಮುಂದೆ ಬಡ ರೈತ ನ್ಯಾಯ ಪಡೆಯಲಾರ, ಊರಿನವರಿಗೇ ಅಧಿಕಾರ ಕೊಡಬೇಕು ಎಂಬುದು ಅವನ ನಿಲುವು. ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರನಾಗಿ ಕಳೆದ ವರ್ಷಗಳು ಆ ನಿಲುವನ್ನು ಗಟ್ಟಿ ಮಾಡಿದ್ದವು. 1816ರ ಮದ್ರಾಸ್ ರೆಗ್ಯುಲೇಷನ್‌ಗಳು ಇದರ ಫಲ. 4ನೆಯ ರೆಗ್ಯುಲೇಷನ್ ಊರಿನ ಮುಖ್ಯಸ್ಥನನ್ನು ಗ್ರಾಮ ಮುನ್ಸೀಫನನ್ನಾಗಿ ಮಾಡಿ, 10 ರೂಪಾಯಿವರೆಗಿನ ಹಣಕಾಸಿನ ದಾವೆ ಕೇಳುವ ಅಧಿಕಾರ ಕೊಟ್ಟಿತು. 5ನೆಯದು ಗ್ರಾಮ ಪಂಚಾಯತಿಗೆ ಸಂಬಂಧಿಸಿದ್ದು. 11ನೆಯದು ಅದೇ ಮುಖ್ಯಸ್ಥನಿಗೆ ಪೊಲೀಸ್ ಅಧಿಕಾರ ಕೊಟ್ಟಿತು.

ಈ 11ನೆಯ ರೆಗ್ಯುಲೇಷನ್ನಿನ ಒಂದು ಕಲಮನ್ನು ಹತ್ತಿರದಿಂದ ನೋಡಬೇಕು. ಬೈಗುಳ, ಚಿಕ್ಕ ಹೊಡೆದಾಟದಂಥ ತಪ್ಪಿಗೆ ಗ್ರಾಮದ ಮುಖ್ಯಸ್ಥ ತಪ್ಪಿತಸ್ಥನನ್ನು ಚಾವಡಿಯಲ್ಲಿ 12 ಗಂಟೆ ಮೀರದಂತೆ ಕೂಡಿಹಾಕಬಹುದಿತ್ತು. ತಪ್ಪು ಮಾಡಿದವನು ಕೆಳಜಾತಿಯವನಾಗಿದ್ದರೆ ಅವನ ಕಾಲುಗಳನ್ನು ಮರದ ಕೋಳಕ್ಕೆ ಸಿಕ್ಕಿಸಿ 6 ಗಂಟೆಯವರೆಗೆ ಕೂರಿಸಬಹುದಿತ್ತು. ಅದು ಮಾನ ಕಳೆಯುವ ಶಿಕ್ಷೆ ಎಂದು ಕಾನೂನೇ ಒಪ್ಪಿಕೊಂಡು, ಅದನ್ನು ಕೆಳಜಾತಿಯವರಿಗಷ್ಟೇ ಮೀಸಲಿಟ್ಟಿತು. ಒಬ್ಬ ರೈತ ಮತ್ತು ಒಬ್ಬ ಮಾದಿಗ ಸಂತೆಯಲ್ಲಿ ಒಬ್ಬರನ್ನೊಬ್ಬರು ಬೈದಾಡಿದರೆನ್ನಿ: ತಪ್ಪು ಒಂದೇ, ಊರು ಒಂದೇ, ತೀರ್ಪು ಹೇಳುವವನೂ ಒಬ್ಬನೇ. ಒಬ್ಬ ಚಾವಡಿಯ ನೆರಳಲ್ಲಿ ಕೂತು ಮನೆಗೆ ಹೋಗುತ್ತಾನೆ, ಇನ್ನೊಬ್ಬ ಹೋಗಿಬರುವವರೆಲ್ಲ ನೋಡುವಂತೆ ಕೋಳದಲ್ಲಿ ಕೂರುತ್ತಾನೆ. ಯಾರನ್ನು ಎಲ್ಲಿ ಕೂರಿಸಬೇಕೆಂದು ಹೇಳುತ್ತಿದ್ದ ಮುಖ್ಯಸ್ಥ ಆ ಕೇರಿಯಿಂದ ಬಂದವನಲ್ಲ. ನ್ಯಾಯ ಹೇಳುವವರಲ್ಲಿ ಎಲ್ಲ ವರ್ಗದವರೂ ಏಕಿರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ವಂಶಪಾರಂಪರ್ಯ

ಮುನ್ಸೀಫನ ಕೆಲಸ ಮನೆತನಕ್ಕೆ ಅಂಟಿಕೊಂಡಿತ್ತು. ಕಂದಾಯ ವಸೂಲಿ, ಪೊಲೀಸ್, ನ್ಯಾಯ ಮೂರೂ ಒಬ್ಬನ ಕೈಯಲ್ಲಿದ್ದವು. ಆ ಒಬ್ಬ ಬಹುಮಟ್ಟಿಗೆ ಊರಿನ ಹೆಚ್ಚಿನ ಭೂಮಿ ಹಿಡಿದ ಗೌಡ ಅಥವಾ ರೆಡ್ಡಿ ಮನೆತನದವನು. ಕರಣಿಕೆ ಹೆಚ್ಚಾಗಿ ಬ್ರಾಹ್ಮಣರಲ್ಲಿತ್ತು. ತಳವಾರ, ತೋಟಿ ಮೊದಲಾದ ಓಡಾಟದ ಕೆಲಸಗಳು ಕೆಳಗಿನ ಜಾತಿಗಳ ಪಾಲಾದವು. 1889ರ ಮದ್ರಾಸ್ ಗ್ರಾಮ ನ್ಯಾಯಾಲಯಗಳ ಕಾಯಿದೆ ಮುನ್ಸೀಫನ ಅಧಿಕಾರದ ಮಿತಿ ಹೆಚ್ಚಿಸಿತು. 1895ರ ಮದ್ರಾಸ್ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯಿದೆ ಹುದ್ದೆ ತಂದೆಯಿಂದ ಮಗನಿಗೆ ಇಳಿಯುವ ಪದ್ಧತಿಗೆ ಕಾನೂನಿನ ಮುದ್ರೆ ಒತ್ತಿತು. ಮುಂದೆ ಚುನಾಯಿತ ಪಂಚಾಯತಿ ಕೋರ್ಟುಗಳಿಗೆ ಕಾಯಿದೆಯಲ್ಲಿ ಜಾಗ ಸಿಕ್ಕಿತು. ಆದರೆ ಜಮೀನು, ಸಾಲ, ಕೂಲಿ ಮೂರೂ ಕೆಲವೇ ಮನೆಗಳ ಹಿಡಿತದಲ್ಲಿದ್ದ ಊರಿನಲ್ಲಿ ಚುನಾವಣೆಯೊಂದೇ ಆ ಹಿಡಿತ ಬಿಡಿಸುವಂತಿರಲಿಲ್ಲ.

ಹುದ್ದೆಗೂ ಮನೆತನಕ್ಕೂ ಇದ್ದ ಈ ಕೊಂಡಿ ಕಳಚಿದ್ದು ಸಂವಿಧಾನ ಬಂದ ಮೇಲೆ. ಗುಂಟೂರು ಜಿಲ್ಲೆಯ ಗ್ರಾಮ ಮುನ್ಸೀಫ ಹುದ್ದೆಯೊಂದರ ವಿವಾದ, ಗಾಜುಲ ದಶರಥರಾಮ ರಾವ್ ಪ್ರಕರಣವೆಂದು ಹೆಸರಾದದ್ದು, ಸುಪ್ರೀಂ ಕೋರ್ಟಿಗೆ ಹೋಯಿತು. 1960ರ ಡಿಸೆಂಬರಿನಲ್ಲಿ ಬಂದ ತೀರ್ಪು, ಹಿಂದಿನ ಹುದ್ದೆದಾರನ ಮನೆತನದವರನ್ನೇ ನೇಮಿಸಬೇಕೆಂಬ 1895ರ ಕಾಯಿದೆಯ ಕಲಮು ಸಂವಿಧಾನದ 16(2)ನೆಯ ವಿಧಿಗೆ ವಿರುದ್ಧ ಎಂದು ಸಾರಿತು. ವಂಶದ ಕಾರಣಕ್ಕೆ ಸರ್ಕಾರಿ ಹುದ್ದೆಯಲ್ಲಿ ಭೇದ ಸಲ್ಲದು ಎಂಬುದು ತೀರ್ಪಿನ ಸಾರ. ಮೈಸೂರು ರಾಜ್ಯ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯನ್ನು 1961ರಲ್ಲಿ ತಂದು 1963ರಿಂದ ಜಾರಿಗೊಳಿಸಿತು. ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಲ್ಲಿ ಗೌಡಿಕೆ, ಕರಣಿಕೆಗಳು ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ಮುಗಿದವು.

ಪಟ್ಟಣದ ಬೆಂಚ್ ಕೋರ್ಟು

ಹಳ್ಳಿಯಲ್ಲಿ ಮುನ್ಸೀಫನಿದ್ದಂತೆ ಪಟ್ಟಣಗಳಿಗೆ ಗೌರವ ಮ್ಯಾಜಿಸ್ಟ್ರೇಟರ ಬೆಂಚು ಬಂತು. 1898ರ ದಂಡ ಪ್ರಕ್ರಿಯಾ ಸಂಹಿತೆ ಇಬ್ಬರು ಅಥವಾ ಹೆಚ್ಚು ಮಂದಿ ಮ್ಯಾಜಿಸ್ಟ್ರೇಟರು ಒಟ್ಟಿಗೆ ಪೀಠವಾಗಿ ಕೂರಲು ಅವಕಾಶ ಕೊಟ್ಟಿತ್ತು. ಬೀದಿ ಗಲೀಜು, ಪುರಸಭೆಯ ನಿಯಮ ಮುರಿದದ್ದು, ಚಿಕ್ಕ ಹೊಡೆದಾಟ ಇಂಥವುಗಳ ಸಂಕ್ಷಿಪ್ತ ವಿಚಾರಣೆ ಬೆಂಚಿನ ಕೆಲಸ. ನೇಮಕ ಪ್ರಾಂತ ಸರ್ಕಾರದ್ದು, ಅದು ಬಹುಪಾಲು ಕಲೆಕ್ಟರನ ಶಿಫಾರಸಿನ ಮೇಲೆ ನಡೆಯುತ್ತಿತ್ತು. ಮದ್ರಾಸ್ ಪ್ರಾಂತದ ಪಟ್ಟಣಗಳಲ್ಲಿ ಈ ಗೌರವ ಸಿಗುತ್ತಿದ್ದದ್ದು ಹೆಚ್ಚಾಗಿ ನಿವೃತ್ತ ಅಧಿಕಾರಿಗಳಿಗೆ, ದೊಡ್ಡ ವರ್ತಕರಿಗೆ, ಜಮೀನ್ದಾರರಿಗೆ, ರಾವ್ ಬಹದ್ದೂರ್, ಖಾನ್ ಬಹದ್ದೂರ್ ಬಿರುದಾಂಕಿತರಿಗೆ. ಸಂಬಳವಿಲ್ಲದ ಕೆಲಸವನ್ನು ದಿನಗೂಲಿ ನಂಬಿದವನು ಮಾಡಲಾರ. ಬೀದಿ ಗಲೀಜಿಗೆ ದಂಡ ತೆರುವವನು ಕೇರಿಯವನು, ದಂಡ ಹಾಕುವವನು ಪೇಟೆಯ ಮಾಳಿಗೆ ಮನೆಯವನು ಎಂಬ ಸ್ಥಿತಿ ಆ ವ್ಯವಸ್ಥೆಯಲ್ಲೇ ಹುದುಗಿತ್ತು.

ಇದರ ಮಾದರಿ ಇಂಗ್ಲೆಂಡಿನ ಜಸ್ಟಿಸ್ ಆಫ್ ದಿ ಪೀಸ್ ಪದ್ಧತಿ. ಅಲ್ಲಿ 1439ರಿಂದಲೇ ವರ್ಷಕ್ಕೆ 20 ಪೌಂಡ್ ಉತ್ಪತ್ತಿಯ ಭೂಮಿ ಇದ್ದವರು ಮಾತ್ರ ಆ ಪೀಠಕ್ಕೆ ಅರ್ಹರು. 18ನೆಯ ಶತಮಾನದಲ್ಲಿ ಮಿತಿ 100 ಪೌಂಡಿಗೆ ಏರಿತು. 1906ರಲ್ಲಿ ಆಸ್ತಿಯ ಷರತ್ತು ಹೋಯಿತು, 1919ರಲ್ಲಿ ಹೆಂಗಸರಿಗೂ ಬಾಗಿಲು ತೆರೆಯಿತು. ಪೀಠ ಒಂದೇ ವರ್ಗದ, ಒಂದೇ ಪಕ್ಷದ ಪಾಲಾಗಿದೆ ಎಂಬ ದೂರಿನಿಂದ 1910ರಲ್ಲಿ ಒಂದು ರಾಯಲ್ ಆಯೋಗ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇನ್ನೊಂದು ಆಯೋಗ ವಿಚಾರಣೆ ನಡೆಸಿದವು. ಆಸ್ತಿಯ ಷರತ್ತು ಅಳಿಸಿಹಾಕಿದ ಮಾತ್ರಕ್ಕೆ ಕೂಲಿಕಾರ ಪೀಠಕ್ಕೆ ಬರುವುದಿಲ್ಲ, ಅವನನ್ನು ಹುಡುಕಿ ಕರೆತರುವ ಏರ್ಪಾಡು ಬೇಕು ಎಂಬುದು ಆ ದೇಶದ ಅನುಭವ.

ಮದ್ರಾಸ್ ಪ್ರಾಂತದಲ್ಲಿ ಹೆಂಗಸರ ಪ್ರವೇಶ 1920ರ ದಶಕದ ಆರಂಭದಲ್ಲಾಯಿತು. ಭಾರತದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್ ಎಂದು ಹೆಸರಾದವರು ಐರ್ಲೆಂಡಿನಿಂದ ಬಂದು ಮದ್ರಾಸಿನಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್. ಅದೇ ಹೊತ್ತಿಗೆ ಅಸಹಕಾರ ಚಳವಳಿ ಬಿರುದುಗಳನ್ನೂ ಗೌರವ ಹುದ್ದೆಗಳನ್ನೂ ಬಿಟ್ಟುಕೊಡಿ ಎಂದು ಕರೆಕೊಟ್ಟಿತು. ಗೌರವ ಮ್ಯಾಜಿಸ್ಟ್ರೇಟ್‌ಗಿರಿ ಜನಸೇವೆಯೋ ಸರ್ಕಾರದ ನಿಷ್ಠೆಗೆ ಸಂದ ಬಹುಮಾನವೋ ಎಂಬ ಪ್ರಶ್ನೆ ಆಗ ಬಯಲಿಗೆ ಬಂತು.

ಕೋಮುವಾರು ಆಜ್ಞೆ

ಜಸ್ಟಿಸ್ ಪಕ್ಷದ ಸರ್ಕಾರ 1921ರಲ್ಲಿ ಮೊದಲ ಕೋಮುವಾರು ಆಜ್ಞೆ ಹೊರಡಿಸಿತು. 1927ರ ಆಜ್ಞೆ ಪ್ರತಿ 12 ನೇಮಕಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 5, ಬ್ರಾಹ್ಮಣರಿಗೆ 2, ಮುಸ್ಲಿಮರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 2, ದಲಿತ ವರ್ಗಕ್ಕೆ 1 ಎಂದು ಹಂಚಿತು. ಇದು ಸರ್ಕಾರಿ ನೌಕರಿಯ ಮಾತಾದರೂ ಅಧಿಕಾರದ ಕುರ್ಚಿಗಳಲ್ಲಿ ಎಲ್ಲರಿಗೂ ಪಾಲಿದೆ ಎಂಬ ವಿಚಾರವನ್ನು ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಬಿತ್ತಿತು.

ಈ ವಿಚಾರ ನ್ಯಾಯಾಂಗದಲ್ಲಿ ನೇರ ಪರೀಕ್ಷೆಗೆ ಬಂದದ್ದು ಬಳ್ಳಾರಿ ಇನ್ನೂ ಮದ್ರಾಸಿನಲ್ಲಿದ್ದಾಗಲೇ. 83 ಜಿಲ್ಲಾ ಮುನ್ಸೀಫ ಹುದ್ದೆಗಳನ್ನು ಹರಿಜನ 19, ಮುಸ್ಲಿಂ 5, ಕ್ರೈಸ್ತ 6, ಹಿಂದುಳಿದ ಹಿಂದೂ 10, ಬ್ರಾಹ್ಮಣೇತರ ಹಿಂದೂ 32, ಬ್ರಾಹ್ಮಣ 11 ಎಂದು ಹಂಚಲಾಗಿತ್ತು. 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಬಿ. ವೆಂಕಟರಮಣ ಪ್ರಕರಣದಲ್ಲಿ ಈ ಹಂಚಿಕೆಯನ್ನು ಒಪ್ಪಲಿಲ್ಲ. ಹರಿಜನರು ಮತ್ತು ಹಿಂದುಳಿದ ಹಿಂದೂಗಳ ಮೀಸಲಿಗೆ ಸಂವಿಧಾನದ 16(4)ನೆಯ ವಿಧಿಯ ಆಸರೆಯಿದೆ, ಉಳಿದ ಕೋಮುಗಳಿಗೆ ಹಂಚಿದ್ದು ಸಲ್ಲದು ಎಂದಿತು. ಸಂಬಳದ ನ್ಯಾಯಾಧೀಶರ ನೇಮಕದಲ್ಲಿ ಹಿಂದುಳಿದವರ ಮೀಸಲಿಗೆ ದಾರಿ ಹೀಗೆ ಖಚಿತವಾಯಿತು. ಸಂಬಳವಿಲ್ಲದ ಪೀಠದ ಬಗ್ಗೆ ಅಂಥ ದಾರಿಯನ್ನು ಯಾರೂ ಹಾಕಿಕೊಡಲಿಲ್ಲ.

ನಾಗರಿಕ ಪೀಠದ ಅಂತ್ಯ

1974ರ ಏಪ್ರಿಲ್ 1ರಿಂದ ಜಾರಿಗೆ ಬಂದ 1973ರ ದಂಡ ಪ್ರಕ್ರಿಯಾ ಸಂಹಿತೆ ನ್ಯಾಯಾಂಗ ಮ್ಯಾಜಿಸ್ಟ್ರೇಟರನ್ನು ಹೈಕೋರ್ಟಿನ ಅಧೀನಕ್ಕೆ ತಂದಿತು. ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೆಲಸ ಶಾಂತಿಪಾಲನೆಗೆ ಸೀಮಿತವಾಯಿತು. ಹಳೆಯ ಗೌರವ ಮ್ಯಾಜಿಸ್ಟ್ರೇಟರ ಜಾಗದಲ್ಲಿ ವಿಶೇಷ ನ್ಯಾಯಾಂಗ ಮ್ಯಾಜಿಸ್ಟ್ರೇಟ್ ಎಂಬ ಹುದ್ದೆ ಬಂತು. ಅದಕ್ಕೆ ಸರ್ಕಾರಿ ಹುದ್ದೆಯಲ್ಲಿ ಇರುವವರು ಅಥವಾ ಇದ್ದವರು ಮಾತ್ರ ಅರ್ಹರು, ಅವಧಿ ಒಂದು ಸಲಕ್ಕೆ ಒಂದು ವರ್ಷ ಮೀರುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಆಸ್ತಿ, ವಂಶಗಳ ಷರತ್ತು ಹೋಗಿ ಸರ್ಕಾರಿ ನೌಕರಿಯ ಷರತ್ತು ಬಂತು. ರೈತ, ನೇಕಾರ, ಕೂಲಿಕಾರ ಮೊದಲಿನಂತೆ ಹೊರಗೇ ಉಳಿದರು.

ಕರ್ನಾಟಕದ 1983ರ ಪಂಚಾಯತ್ ಕಾಯಿದೆಯ ಹೆಸರಿನಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಜೊತೆ ನ್ಯಾಯ ಪಂಚಾಯಿತಿಯೂ ಇತ್ತು. 1993ರ ಪಂಚಾಯತ್ ರಾಜ್ ಕಾಯಿದೆಯ ಹೊತ್ತಿಗೆ ಅದು ಬಿಟ್ಟುಹೋಯಿತು. 1986ರಲ್ಲಿ ಕಾನೂನು ಆಯೋಗ ತನ್ನ 114ನೆಯ ವರದಿಯಲ್ಲಿ, ಕಾನೂನು ಬಲ್ಲ ಒಬ್ಬ ನ್ಯಾಯಾಧೀಶನ ಜೊತೆ ಊರಿನ ಇಬ್ಬರು ಸಾಮಾನ್ಯರು ಕೂರುವ ಗ್ರಾಮ ನ್ಯಾಯಾಲಯವನ್ನು ಸೂಚಿಸಿತು. 2009ರ ಅಕ್ಟೋಬರ್ 2ರಿಂದ ಜಾರಿಯಾದ ಗ್ರಾಮ ನ್ಯಾಯಾಲಯಗಳ ಕಾಯಿದೆ ಆ ಇಬ್ಬರನ್ನು ಕೈಬಿಟ್ಟಿತು. ಆದರೆ ಆ ನ್ಯಾಯಾಲಯದ ನ್ಯಾಯಾಧೀಶರಾದ ನ್ಯಾಯಾಧಿಕಾರಿಗಳ ನೇಮಕದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಮಹಿಳೆಯರು ಮತ್ತು ರಾಜ್ಯ ಸೂಚಿಸುವ ಇತರ ವರ್ಗಗಳಿಗೆ ಪ್ರಾತಿನಿಧ್ಯ ಕೊಡಬೇಕೆಂದು ಸ್ಪಷ್ಟವಾಗಿ ಬರೆಯಿತು. ಪ್ರಾತಿನಿಧ್ಯದ ಮಾತನ್ನು ಕಾಯಿದೆಯಲ್ಲೇ ಬರೆಯಲು ಬರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇಂದಿನ ನಾಗರಿಕ ಸದಸ್ಯರು

ಬೆಂಚ್ ಕೋರ್ಟು ಹೋದರೂ ನಾಗರಿಕರು ಮ್ಯಾಜಿಸ್ಟ್ರೇಟರ ಅಧಿಕಾರದಿಂದ ಕೂರುವ ಎರಡು ಜಾಗಗಳು ಇವತ್ತಿಗೂ ಇವೆ: ಬಾಲನ್ಯಾಯ ಮಂಡಳಿ ಮತ್ತು ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಇವು ಇರಬೇಕು. ಮಂಡಳಿಯಲ್ಲಿ ಪ್ರಧಾನ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮೂವರೂ ಒಂದೇ ಪೀಠ. ಭಿನ್ನಾಭಿಪ್ರಾಯ ಬಂದರೆ ಬಹುಮತದ ಮಾತೇ ತೀರ್ಪು. ಅಂದರೆ ಇಬ್ಬರು ನಾಗರಿಕರು ಒಂದಾದರೆ ಅವರ ತೀರ್ಮಾನ ನ್ಯಾಯಾಂಗ ಸೇವೆಯ ಮ್ಯಾಜಿಸ್ಟ್ರೇಟರ ಅಭಿಪ್ರಾಯವನ್ನು ಮೀರಿ ನಿಲ್ಲುತ್ತದೆ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಈ ಸಮಿತಿಗೂ ಪ್ರಥಮ ದರ್ಜೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ಅಧಿಕಾರವಿದೆ.

ಮಂಡಳಿಯ ಕೊಠಡಿ ಬೇರೆ ಕೋರ್ಟಿನಂತಲ್ಲ. ಎತ್ತರದ ವೇದಿಕೆ ಇರಕೂಡದು, ಕಟಕಟೆ ಇರಕೂಡದು ಎಂದು ನಿಯಮಗಳು ಹೇಳುತ್ತವೆ. ಮಗುವಿನ ಸಮಮಟ್ಟದಲ್ಲಿ ಕೂತು, ಅದರ ಮುಖ ನೋಡಿ ಮಾತಾಡಿಸಬೇಕೆಂಬುದು ಇದರ ಉದ್ದೇಶ. ಸಿರುಗುಪ್ಪದ ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ದುಡಿಯುವ, ಕುರುಗೋಡಿನಿಂದ ಗುಳೆ ಹೋಗುವ, ಬಳ್ಳಾರಿಯ ಜೀನ್ಸ್ ಹೊಲಿಗೆಯ ಕೇರಿಗಳಲ್ಲಿ ಬದುಕುವ ಕುಟುಂಬಗಳ ಮಕ್ಕಳು ಇಂಥ ಕೊಠಡಿಗೆ ಬರುತ್ತಾರೆ. ಮನೆಯಲ್ಲಿ ಬೆಳಿಗ್ಗೆ ಯಾರೂ ಇರುವುದಿಲ್ಲ ಎಂದು ಮಗು ಹೇಳಿದಾಗ ಅದು ಹೆತ್ತವರ ಅಸಡ್ಡೆಯೋ ಕೂಲಿಯ ಅನಿವಾರ್ಯತೆಯೋ ಎಂಬುದು ಅಂಥ ಮನೆಯಿಂದ ಬಂದ ಸದಸ್ಯೆಗೆ ಬೇಗ ತಿಳಿಯುತ್ತದೆ. ವೇದಿಕೆಯ ಎತ್ತರ ತೆಗೆದ ಕಾನೂನು ವರ್ಗದ ಎತ್ತರದ ಬಗ್ಗೆಯೂ ಯೋಚಿಸಬೇಕಿತ್ತು.

ಅರ್ಹತೆಯ ಷರತ್ತುಗಳು ಬೇರೆಯದೇ ದಾರಿ ಹಿಡಿದಿವೆ. ಮಂಡಳಿಯ ಸದಸ್ಯರಾಗಲು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ 7 ವರ್ಷದ ಕೆಲಸ ಬೇಕು, ಇಲ್ಲವೇ ಮನೋವಿಜ್ಞಾನ, ಸಮಾಜಶಾಸ್ತ್ರ, ಕಾನೂನಿನಂಥ ವಿಷಯದಲ್ಲಿ ಪದವಿ ಪಡೆದು ವೃತ್ತಿ ನಡೆಸುತ್ತಿರಬೇಕು. 2021ರ ತಿದ್ದುಪಡಿ ಕಲ್ಯಾಣ ಸಮಿತಿಯ ಸದಸ್ಯತ್ವಕ್ಕೆ ನಿರ್ದಿಷ್ಟ ವಿಷಯಗಳ ಪದವಿಯನ್ನು ಕಡ್ಡಾಯ ಮಾಡಿತು. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಸದಸ್ಯರಿಗೆ ಸಿಗುವುದು ಸಂಬಳವಲ್ಲ, ಕೂತ ದಿನದ ಭತ್ಯೆ. ಮಹಿಳೆಯರಿಗೆ ಜಾಗ ಕಾಯ್ದಿರಿಸಿದ ಈ ಕಾಯಿದೆ ಸದಸ್ಯರ ನೇಮಕದಲ್ಲಿ ಜಾತಿ, ವರ್ಗಗಳ ಪ್ರಾತಿನಿಧ್ಯದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ.

ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಮತ್ತು ಲೋಕ ಅದಾಲತ್‌ಗಳಲ್ಲೂ ನ್ಯಾಯಾಧೀಶರಲ್ಲದವರು ಕೂರುತ್ತಾರೆ. ಗ್ರಾಹಕ ಆಯೋಗದ ಸದಸ್ಯರಿಗೆ ಪದವಿ ಮತ್ತು ದೀರ್ಘ ಅನುಭವ ಬೇಕು. 15 ವರ್ಷದ ಅನುಭವ ಕೇಳಿದ್ದ ನಿಯಮವನ್ನು ಸುಪ್ರೀಂ ಕೋರ್ಟು 2023ರಲ್ಲಿ 10 ವರ್ಷಕ್ಕೆ ಇಳಿಸಿತು. ಲೋಕ ಅದಾಲತ್ತಿನ ಪೀಠದಲ್ಲಿ ವಕೀಲರ ಜೊತೆ ಸಮಾಜ ಕಾರ್ಯಕರ್ತರಿಗೂ ಅವಕಾಶವಿದೆ. ತಾಲ್ಲೂಕು ಮಟ್ಟದಲ್ಲಿ ನಡೆಯುವ ಈ ಅದಾಲತ್ತು ಸಿರುಗುಪ್ಪದಂಥ ಊರಿಗೆ ಎಲ್ಲಕ್ಕಿಂತ ಹತ್ತಿರದ ವೇದಿಕೆ.

ಮೌಲ್ಯಮಾಪನ

ಇಂದಿನ ಬಳ್ಳಾರಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ಬಳ್ಳಾರಿ ನಗರವೊಂದನ್ನು ಬಿಟ್ಟು ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮಾಂತರ, ಸಂಡೂರು ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭಾ ಕ್ಷೇತ್ರವೂ ಮೀಸಲು. ರಾಜ್ಯದ ಸಿವಿಲ್ ನ್ಯಾಯಾಧೀಶರ ನೇಮಕದಲ್ಲೂ ಮೀಸಲಾತಿ ಇದೆ. ಸಮಾಜದ ದನಿಯನ್ನು ನ್ಯಾಯಪೀಠಕ್ಕೆ ತರಲೆಂದೇ ಹುಟ್ಟಿದ ನಾಗರಿಕ ಸದಸ್ಯತ್ವಕ್ಕೆ ಮಾತ್ರ ಅದು ಇಲ್ಲ. ಈ ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ಕೊರತೆ. ಪದವಿಗೂ ಅನುಭವಕ್ಕೂ ಬೆಲೆಯಿದೆ, ಮಕ್ಕಳ ಮನಸ್ಸು ಬಲ್ಲವರು ಪೀಠದಲ್ಲಿ ಇರಲೇಬೇಕು. ಆದರೆ ಅಂಗನವಾಡಿಯಲ್ಲಿ, ಸ್ವಸಹಾಯ ಸಂಘದಲ್ಲಿ, ದೇವದಾಸಿ ಮಹಿಳೆಯರ ಪುನರ್ವಸತಿಯಲ್ಲಿ ದಶಕಗಟ್ಟಲೆ ದುಡಿದ ಹೆಣ್ಣುಮಗಳ ಅರಿವು ಪದವಿ ಪತ್ರಕ್ಕಿಂತ ಕಡಿಮೆಯದಲ್ಲ.

ಇದಕ್ಕೆ ಬೇಕಾದ ಕ್ರಮಗಳು ಕಷ್ಟದವಲ್ಲ. ಗ್ರಾಮ ನ್ಯಾಯಾಲಯಗಳ ಕಾಯಿದೆಯಲ್ಲಿರುವ ಪ್ರಾತಿನಿಧ್ಯದ ಕಲಮನ್ನು ಬಾಲನ್ಯಾಯ ಕಾಯಿದೆಗೂ ಸೇರಿಸಬೇಕು. ಭತ್ಯೆ ಒಂದು ದಿನದ ದುಡಿಮೆ ಬಿಟ್ಟುಬಂದವರ ನಷ್ಟ ತುಂಬುವಷ್ಟಿರಬೇಕು, ತಡವಾಗದೆ ಕೈಸೇರಬೇಕು. ಅರ್ಜಿ ಕರೆಯುವ ಪ್ರಕಟಣೆ ಸಿರುಗುಪ್ಪ, ಕುರುಗೋಡಿನ ಗ್ರಾಮ ಪಂಚಾಯಿತಿಗಳ ಫಲಕದ ಮೇಲೂ ಕಾಣಬೇಕು. ನೇಮಕವಾದವರ ಸಾಮಾಜಿಕ ಹಿನ್ನೆಲೆಯ ಒಟ್ಟು ಅಂಕಿಅಂಶವನ್ನು ಸರ್ಕಾರ ಪ್ರತಿ ಅವಧಿಗೂ ಪ್ರಕಟಿಸಬೇಕು. 1816ರಲ್ಲಿ ಒಂದೇ ತಪ್ಪಿಗೆ ಎರಡು ಶಿಕ್ಷೆ ಬರೆದವರೂ ಆ ಶಿಕ್ಷೆ ಕೊಟ್ಟವರೂ ಮೇಲಿನ ವರ್ಗದವರೇ ಆಗಿದ್ದರು. ಕೆಳಗಿನವರು ಪೀಠದಲ್ಲಿ ಪಾಲು ಪಡೆದಾಗ ಮಾತ್ರ ಊರಿನವರೇ ಊರಿಗೆ ನ್ಯಾಯ ಹೇಳಬೇಕೆಂಬ ಮಾತಿಗೆ ಅರ್ಥ ಬರುತ್ತದೆ.